ನಿಮ್ಮ ಸಿವಿ ಯಾರ ಕೈಯಲ್ಲಿದೆ, ಯಾಕಿದೆ: ಕೆಲಸ ಹುಡುಕುತ್ತಿರುವವರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ಕಂಪನಿಗಳಲ್ಲಿ ಕೆಲಸ ಹುಡುಕುತ್ತಿರುವ, ಅದರಲ್ಲೂ ನಾಲ್ಕಾರು ವರ್ಷ ಅನುಭವವಾಗಿ ಈಗ ಕಂಪನಿ ಬದಲಾಯಿಸಬೇಕೆಂದಿರುವ ಎಲ್ಲರಿಗೂ,

ನಾವು ನೇಮಕಾತಿ ಕೆಲಸದಲ್ಲಿರುವವರು. ಕೆಲವರು ಕಂಪನಿಗಳ ಒಳಗಿನ ತಂಡದಲ್ಲಿದ್ದೇವೆ, ಕೆಲವರು ಕಂಪನಿಗಳಿಗೆ ಜನ ಹುಡುಕಿಕೊಡುವ ಕನ್ಸಲ್ಟೆನ್ಸಿಗಳಲ್ಲಿದ್ದೇವೆ. ಕೆಲಸ ಚೆನ್ನಾಗಿ ಬಲ್ಲ ಹುಡುಗ ಹುಡುಗಿಯರು ಇಂಟರ್‌ವ್ಯೂವರೆಗೂ ಬಾರದೆ ಹೊರಬೀಳುವುದನ್ನು ದಿನಾ ನೋಡುತ್ತೇವೆ. ಬಹಳ ಸಲ ಕಾರಣ ಅವರ ಜ್ಞಾನದ ಕೊರತೆಯಲ್ಲ, ರಿಕ್ರೂಟರ್ ಜೊತೆ ಹೇಗೆ ವ್ಯವಹರಿಸಬೇಕು ಎಂದು ಯಾರೂ ಹೇಳಿಕೊಡದೆ ಇರುವುದು. ಕಾಲೇಜಿನಲ್ಲಿ ಇದನ್ನು ಕಲಿಸುವುದಿಲ್ಲ. ಆದ್ದರಿಂದ ನಮಗೆ ಗೊತ್ತಿರುವುದನ್ನು ಇಲ್ಲಿ ಬಿಚ್ಚಿ ಬರೆಯುತ್ತಿದ್ದೇವೆ.

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು: ರಿಕ್ರೂಟರ್‌ಗೆ ದುಡ್ಡು ಕೊಡುವುದು ನೀವಲ್ಲ, ಕಂಪನಿ. ಆದ್ದರಿಂದ ಆತ ನಿಮ್ಮ ಪರವಾಗಿ ಕೆಲಸ ಹುಡುಕುತ್ತಿಲ್ಲ, ಕಂಪನಿಯ ಪರವಾಗಿ ಜನ ಹುಡುಕುತ್ತಿದ್ದಾನೆ. ಇದು ಮನಸ್ಸಿನಲ್ಲಿದ್ದರೆ ಫೋನ್ ಯಾಕೆ ಬಂತು, ಯಾಕೆ ನಿಂತಿತು, ಯಾವ ಮಾತನ್ನು ಎಷ್ಟು ನಂಬಬಹುದು ಎಂಬುದೆಲ್ಲ ತಾನಾಗಿ ಅರ್ಥವಾಗುತ್ತದೆ.

ಲೆಕ್ಕ ಹೀಗಿದೆ. ಕಾಯಂ ಹುದ್ದೆಗೆ ಜನ ಕೊಡಿಸಿದರೆ ಕನ್ಸಲ್ಟೆನ್ಸಿಗೆ ಸಿಗುವ ಸಾಮಾನ್ಯ ದರ ನಿಮ್ಮ ವಾರ್ಷಿಕ ಸಿಟಿಸಿಯ (ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಶೇ 8.33, ಅಂದರೆ ಒಂದು ತಿಂಗಳಿನ ಮೊತ್ತ. ಅಪರೂಪದ ಕೌಶಲಕ್ಕೆ, ಹಿರಿಯ ಹುದ್ದೆಗೆ ದರ ಹೆಚ್ಚುತ್ತದೆ. ಆಫರ್ ಬಂದಾಗ ಈ ದುಡ್ಡು ಬರುವುದಿಲ್ಲ. ನೀವು ಸೇರಿದ ಮೇಲೆ ಬಿಲ್ ಹೋಗುತ್ತದೆ, ಅದು ಪಾಸಾಗಲು ಮತ್ತೆ ತಿಂಗಳು, ಎರಡು ತಿಂಗಳು. ಸೇರಿದ 90 ದಿನದೊಳಗೆ ನೀವು ಬಿಟ್ಟರೆ ಅದೇ ಜಾಗಕ್ಕೆ ಇನ್ನೊಬ್ಬರನ್ನು ಪುಕ್ಕಟೆ ಕೊಡಬೇಕೆಂಬ ಷರತ್ತು ಬಹುತೇಕ ಒಪ್ಪಂದಗಳಲ್ಲಿರುತ್ತದೆ. ‘ಖಂಡಿತ ಸೇರುತ್ತೀರಿ ತಾನೇ?’ ಎಂದು ಐದು ಸಲ ಕೇಳುವುದು ಇದಕ್ಕೇ.

ಸಂಬಳದ ಚೌಕಾಸಿಯೂ ಇದೇ ಲೆಕ್ಕದ ಮೇಲೆ ನಿಂತಿದೆ. ನಿಮ್ಮ ಸಿಟಿಸಿ 12 ಲಕ್ಷವಾದರೆ ಕನ್ಸಲ್ಟೆನ್ಸಿಗೆ ಸುಮಾರು 1 ಲಕ್ಷ ಬರುತ್ತದೆ. ನಿಮಗಾಗಿ ಹೋರಾಡಿ 13 ಲಕ್ಷ ಮಾಡಿಸಿದರೆ ಅವರಿಗೆ ಹೆಚ್ಚುವರಿಯಾಗಿ ಸಿಗುವುದು ₹8,330 ಮಾತ್ರ. ನಿಮಗೆ ವರ್ಷಕ್ಕೆ 1 ಲಕ್ಷ ದೊಡ್ಡ ವ್ಯತ್ಯಾಸ. ಅವರಿಗೆ ಆ ₹8,330ಕ್ಕಾಗಿ ಕೈಗೆ ಬಂದ 1 ಲಕ್ಷವನ್ನು ಅಪಾಯಕ್ಕೆ ಒಡ್ಡುವ ಮನಸ್ಸಿರುವುದಿಲ್ಲ. ಅದರಲ್ಲಿ ಮೋಸವೇನಿಲ್ಲ. ಆದರೆ ‘ಇದಕ್ಕಿಂತ ಹೆಚ್ಚು ಆಗೋದಿಲ್ಲ’ ಎಂದು ಕನ್ಸಲ್ಟೆನ್ಸಿಯವರು ಹೇಳಿದರೆ ಅದನ್ನೇ ಕೊನೆಯ ಮಾತೆಂದು ತಿಳಿಯಬೇಡಿ. ಕಂಪನಿಯ ಎಚ್‌ಆರ್ ಜೊತೆ ಸಂಬಳದ ಮಾತು ಬಂದಾಗ ನಿಮ್ಮ ಅಂಕಿಯನ್ನು ನೀವೇ ಹೇಳಿ.

ಥರ್ಡ್ ಪಾರ್ಟಿ ಪೇರೋಲ್, ಅಂದರೆ ಕಾಂಟ್ರಾಕ್ಟ್ ಕೆಲಸದ ಲೆಕ್ಕ ಇದಕ್ಕೆ ತದ್ವಿರುದ್ಧ. ಅಲ್ಲಿ ಕಂಪನಿ ವೆಂಡರ್‌ಗೆ, ಅಂದರೆ ನಿಮಗೆ ಸಂಬಳ ಕೊಡುವ ಮಧ್ಯದ ಸಂಸ್ಥೆಗೆ, ತಿಂಗಳಿಗೆ ಇಂತಿಷ್ಟು ಎಂದು ಕೊಡುತ್ತದೆ. ನಿಮಗೆ ಕೊಟ್ಟು ಉಳಿದದ್ದು ವೆಂಡರ್‌ನದು. ನಿಮಗೆ ಕಡಿಮೆ ಕೊಟ್ಟಷ್ಟೂ ಅವರಿಗೆ ಲಾಭ. ಆದ್ದರಿಂದ ಕಾಂಟ್ರಾಕ್ಟ್ ಕೆಲಸದಲ್ಲಿ ಮೊದಲ ಅಂಕಿಗೆ ಯಾವತ್ತೂ ಒಪ್ಪಬೇಡಿ. ಸಂಬಳದ ಜೊತೆಗೆ ಇನ್ನೂ ಕೆಲವನ್ನು ಬರಹದಲ್ಲಿ ಪಡೆಯಿರಿ: ಪಿಎಫ್ ಇದೆಯೇ, ಆರೋಗ್ಯ ವಿಮೆ ಯಾರದು, ಸಂಬಳವಿರುವ ರಜೆ ಎಷ್ಟು, ಪ್ರಾಜೆಕ್ಟ್ ಮುಗಿದರೆ ಬೆಂಚ್‌ನಲ್ಲಿ (ಮುಂದಿನ ಪ್ರಾಜೆಕ್ಟ್ ಸಿಗುವವರೆಗೆ) ಎಷ್ಟು ದಿನ ಸಂಬಳ ಕೊಡುತ್ತಾರೆ, ಕಾಯಂ ಮಾಡುವುದಾದರೆ ಎಷ್ಟು ತಿಂಗಳ ಮೇಲೆ. ‘ಕಾಯಂ ಆಗೇ ಆಗುತ್ತೆ’ ಎಂಬ ಬಾಯಿಮಾತಿಗೆ ಬೆಲೆ ಇಲ್ಲ.

ಇನ್ನು, ನೀವು ನಮ್ಮ ಕಣ್ಣಿಗೆ ಬೀಳುವುದು ಹೇಗೆ? ನೌಕ್ರಿ ಡಾಟ್ ಕಾಮ್‌ನಲ್ಲಿ ನಿಮಗೆ ಕಾಣುವುದು ಉದ್ಯೋಗಗಳ ಪಟ್ಟಿ. ನಮಗೆ ಕಾಣುವುದು ರೆಸ್‌ಡೆಕ್ಸ್ ಎಂಬ ಹುಡುಕಾಟದ ಪುಟ. ಅದರಲ್ಲಿ ನಾವು ತುಂಬುವುದು ಹೀಗೆ: ಕೌಶಲ ಜಾವಾ, ಸ್ಪ್ರಿಂಗ್ ಬೂಟ್, ಕಾಫ್ಕಾ, ಅನುಭವ 4ರಿಂದ 7 ವರ್ಷ, ಸಂಬಳ 14 ಲಕ್ಷದೊಳಗೆ, ಊರು ಬೆಂಗಳೂರು, ನೋಟಿಸ್ ಪೀರಿಯಡ್ (ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ಅವಧಿ) 30 ದಿನದೊಳಗೆ, ಕಳೆದ 15 ದಿನದಲ್ಲಿ ಸಕ್ರಿಯ. ಗುಂಡಿ ಒತ್ತಿದ ತಕ್ಷಣ ಸಾವಿರಾರು ಜನ ಹೊರಗೆ ಹೋಗುತ್ತಾರೆ. ಅವರ ಸಿವಿಯನ್ನು ಯಾರೂ ತೆರೆದೇ ಇರುವುದಿಲ್ಲ.

ಈ ಸೋಸುವಿಕೆಯಲ್ಲಿ ಬಿದ್ದುಹೋಗದಿರಲು ಕೆಲವು ಸಣ್ಣ ಕೆಲಸಗಳು ಸಾಕು. ವಾರಕ್ಕೊಮ್ಮೆಯಾದರೂ ಲಾಗಿನ್ ಆಗಿ ಪ್ರೊಫೈಲ್‌ನಲ್ಲಿ ಏನಾದರೊಂದನ್ನು ತಿದ್ದಿ ಉಳಿಸಿ. ರಾಜೀನಾಮೆ ಕೊಟ್ಟಾಗಿದ್ದರೆ ‘3 ತಿಂಗಳು’ ಎಂಬುದನ್ನು ಹಾಗೇ ಬಿಡಬೇಡಿ, ನೋಟಿಸ್ ಪೀರಿಯಡ್‌ನಲ್ಲಿದ್ದೇನೆ ಎಂದು ಬದಲಿಸಿ ಕೊನೆಯ ದಿನಾಂಕ ಹಾಕಿ. ಇದೊಂದನ್ನು ಮರೆತು ಎರಡು ತಿಂಗಳು ಫೋನೇ ಬರಲಿಲ್ಲ ಎನ್ನುವವರು ಬಹಳ. ಹುಬ್ಬಳ್ಳಿ, ಮೈಸೂರು, ಮಂಗಳೂರು, ಕಲಬುರಗಿಯಲ್ಲಿ ಕೂತು ಹುಡುಕುತ್ತಿರುವವರು ಇಷ್ಟದ ಊರುಗಳಲ್ಲಿ ಬೆಂಗಳೂರನ್ನು ಸೇರಿಸದಿದ್ದರೆ ಬೆಂಗಳೂರಿನ ಹುಡುಕಾಟದಲ್ಲಿ ಬರುವುದಿಲ್ಲ. ಕೌಶಲದ ಹೆಸರನ್ನು ಜೆಡಿಯಲ್ಲಿ, ಅಂದರೆ ಹುದ್ದೆಯ ವಿವರಣೆಯಲ್ಲಿ, ಬರೆಯುವ ಹಾಗೆಯೇ ಬರೆಯಿರಿ. ಕ್ಲೌಡ್ ಎಂದಷ್ಟೇ ಇದ್ದರೆ ಎಡಬ್ಲ್ಯುಎಸ್ (ಅಮೆಜಾನ್‌ನ ಕ್ಲೌಡ್ ಸೇವೆ) ಎಂದು ಹುಡುಕುವವರಿಗೆ ನೀವು ಕಾಣುವುದಿಲ್ಲ.

ಸಿವಿ ವಿಷಯದಲ್ಲಿ ಒಂದೇ ಮಾತು. ಎರಡು ಕಾಲಂ, ಬಣ್ಣದ ಪಟ್ಟಿ, ಕೌಶಲಕ್ಕೆ ನಕ್ಷತ್ರ ಹಾಕಿದ ಚಂದದ ವಿನ್ಯಾಸಗಳನ್ನು ಕಂಪನಿಗಳ ಎಟಿಎಸ್ (ಬಂದ ಅರ್ಜಿಗಳನ್ನು ದಾಖಲಿಸಿ ನಿಭಾಯಿಸುವ) ಸಾಫ್ಟ್‌ವೇರ್ ಬಹಳ ಸಲ ಕಲಸಿ ಓದುತ್ತದೆ. ಕಂಪನಿಯ ಹೆಸರು ಒಂದು ಕಡೆ, ವರ್ಷ ಇನ್ನೊಂದು ಕಡೆ ಸೇರಿ ನಿಮ್ಮ 6 ವರ್ಷದ ಅನುಭವ 2 ವರ್ಷವಾಗುವುದುಂಟು. ಒಂದೇ ಕಾಲಂನ ಸರಳ ವರ್ಡ್ ಫೈಲ್ ಅಥವಾ ಅದರಿಂದ ಮಾಡಿದ ಪಿಡಿಎಫ್ ಸಾಕು. ಸೇರಿದ, ಬಿಟ್ಟ ತಿಂಗಳು ವರ್ಷ ಎರಡೂ ಇರಲಿ.

ಫೋನ್ ಬಂತು ಎನ್ನಿ. ನೀವು ಬಸ್ಸಿನಲ್ಲೋ ಮೀಟಿಂಗ್‌ನಲ್ಲೋ ಇದ್ದರೆ ‘ಈಗ ಆಗುವುದಿಲ್ಲ, ಸಂಜೆ 6.30ಕ್ಕೆ ಮಾಡುತ್ತೀರಾ, ಜೆಡಿ ಮೇಲ್ ಮಾಡಿರಿ’ ಎನ್ನಿ. ಅದರಿಂದ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ಗಡಿಬಿಡಿಯಲ್ಲಿ ಅರೆಬರೆ ಉತ್ತರ ಕೊಟ್ಟರೆ ಮಾತ್ರ ಅದೇ ದಾಖಲಾಗುತ್ತದೆ. ಸಣ್ಣ ಊರುಗಳಿಂದ ಬಂದ ಅನೇಕರು ಇಂಗ್ಲಿಷ್ ಸರಾಗವಾಗಿ ಬಾರದೆಂದು ಅಂಜಿ ಕರೆಯನ್ನೇ ಎತ್ತುವುದಿಲ್ಲ. ಈ ಮೊದಲ ಕರೆ ಇಂಗ್ಲಿಷ್ ಪರೀಕ್ಷೆಯಲ್ಲ. ಎದುರಿನವರು ಒಂದು ಎಕ್ಸೆಲ್ ಹಾಳೆಯ ಖಾನೆಗಳನ್ನು ತುಂಬುತ್ತಿರುತ್ತಾರೆ: ಒಟ್ಟು ಅನುಭವ, ಆ ಕೌಶಲದಲ್ಲಿ ಅನುಭವ, ಈಗಿನ ಸಿಟಿಸಿ, ನಿರೀಕ್ಷೆ, ನೋಟಿಸ್, ಈಗಿನ ಊರು, ಬದಲಾಯಿಸಲು ಕಾರಣ, ಕೈಯಲ್ಲಿ ಬೇರೆ ಆಫರ್ ಇದೆಯೇ, ಇಂಟರ್‌ವ್ಯೂಗೆ ಯಾವಾಗ ಸಿಗುತ್ತೀರಿ. ಈ ಒಂಬತ್ತಕ್ಕೂ ಒಂದೊಂದು ಸಾಲಿನ ಉತ್ತರ ಬರೆದು ಫೋನಿನಲ್ಲೇ ಇಟ್ಟುಕೊಳ್ಳಿ. ಪ್ರತಿ ಕರೆಗೂ ಅದೇ ಉತ್ತರ ಕೊಡಿ. ಒಬ್ಬರಿಗೆ 5 ವರ್ಷ, ಇನ್ನೊಬ್ಬರಿಗೆ 6 ವರ್ಷ ಎಂದರೆ ಒಂದೇ ಕಂಪನಿಯಲ್ಲಿ ಎರಡೂ ಹಾಳೆಗಳು ಎದುರುಬದುರಾಗುತ್ತವೆ.

ನೀವು ಕೇಳಬೇಕಾದದ್ದೂ ಇದೆ. ಕಂಪನಿ ಯಾವುದು, ಜಾಬ್ ಐಡಿ ಏನು, ಯಾರ ಪೇರೋಲ್, ಈ ಹುದ್ದೆಯ ಬಜೆಟ್ ಎಷ್ಟು, ಎಷ್ಟು ಸುತ್ತು, ವಾರಕ್ಕೆ ಎಷ್ಟು ದಿನ ಆಫೀಸು, ಯಾವ ಆಫೀಸು. ಕೊನೆಯದನ್ನು ಹಗುರವಾಗಿ ಕಾಣಬೇಡಿ. ಕೆಂಗೇರಿಯಲ್ಲಿ ಮನೆ ಇದ್ದು ವೈಟ್‌ಫೀಲ್ಡಿಗೆ ವಾರಕ್ಕೆ ನಾಲ್ಕು ದಿನ ಹೋಗಬೇಕೆಂಬುದು ಆಫರ್ ಬಂದ ಮೇಲೆ ಗೊತ್ತಾಗಬಾರದು. ಇನ್ನೂ ಎರಡು ಪ್ರಶ್ನೆಗಳನ್ನು ಬಹಳ ಜನ ಕೇಳುವುದೇ ಇಲ್ಲ: ಈ ಹುದ್ದೆ ಎಷ್ಟು ದಿನದಿಂದ ಖಾಲಿ ಇದೆ, ನೀವು ಈಗಾಗಲೇ ಕಳಿಸಿದವರನ್ನು ಯಾಕೆ ಬೇಡ ಎಂದರು. ಎರಡನೆಯದಕ್ಕೆ ಒಳ್ಳೆಯ ರಿಕ್ರೂಟರ್ ಕೊಡುವ ಉತ್ತರ ಇಂಟರ್‌ವ್ಯೂಗೆ ನಿಮಗಿರುವ ಅತ್ಯುತ್ತಮ ತಯಾರಿ. ಕಾಫ್ಕಾ ಹೆಸರು ಹೇಳಿ ಒಳಗೆ ಹೇಗೆ ನಡೆಯುತ್ತದೆಂದು ಹೇಳಲಾಗದೆ ಮೂವರು ಬಿದ್ದಿದ್ದಾರೆ ಎಂದು ಗೊತ್ತಾದರೆ ರಾತ್ರಿ ಏನು ಓದಬೇಕೆಂದು ಬೇರೆ ಹೇಳಬೇಕಿಲ್ಲ.

ಈಗ ಅತಿ ಹೆಚ್ಚು ನಷ್ಟ ಮಾಡುವ ವಿಷಯ: ಒಂದೇ ಕಂಪನಿಗೆ ಇಬ್ಬರ ಮೂಲಕ ಸಿವಿ ಹೋಗುವುದು. ಒಂದೇ ಹುದ್ದೆಗೆ ಕಂಪನಿಗಳು ನಾಲ್ಕೈದು ಕನ್ಸಲ್ಟೆನ್ಸಿಗಳಿಗೆ ಹೇಳಿರುತ್ತವೆ. ಯಾರು ಮೊದಲು ಸಿವಿ ಹಾಕುತ್ತಾರೋ ಅಭ್ಯರ್ಥಿ ಅವರ ಲೆಕ್ಕಕ್ಕೆ. ಆ ಹಕ್ಕು ಸಾಮಾನ್ಯವಾಗಿ 6 ತಿಂಗಳು ಇರುತ್ತದೆ, ಕೆಲವೆಡೆ ಒಂದು ವರ್ಷ. ಎಟಿಎಸ್ ನಿಮ್ಮ ಇಮೇಲ್ ಮತ್ತು ಮೊಬೈಲ್ ಸಂಖ್ಯೆಯಿಂದ ನಕಲನ್ನು ಹಿಡಿಯುತ್ತದೆ. ಎರಡನೆಯವರು ಹಾಕಿದಾಗ ಇಬ್ಬರಲ್ಲಿ ಫೀ ಯಾರಿಗೆ ಎಂಬ ತಕರಾರು ಏಳುತ್ತದೆ. ಅದನ್ನು ಬಗೆಹರಿಸುವ ಬದಲು ಕಂಪನಿ ಮುಂದಿನ ಸಿವಿ ತೆಗೆದುಕೊಳ್ಳುತ್ತದೆ. ಬೇರೆ ಇಮೇಲ್ ಕೊಟ್ಟು ಮತ್ತೆ ಹಾಕಿಸುವ ಉಪಾಯ ಇನ್ನೂ ಕೆಟ್ಟದ್ದು, ಗೊತ್ತಾದಾಗ ಅದು ವಂಚನೆ ಎಂದೇ ದಾಖಲಾಗುತ್ತದೆ.

ಹೀಗಾಗಿ ಕಂಪನಿಯ ಹೆಸರು ಗೊತ್ತಿಲ್ಲದೆ ಒಪ್ಪಿಗೆ ಕೊಡಲೇಬೇಡಿ. ಮೊದಲ ಎರಡು ನಿಮಿಷ ಹೆಸರು ಮುಚ್ಚಿಡುವುದು ಸಹಜ, ನೀವು ನೇರವಾಗಿ ಅರ್ಜಿ ಹಾಕಿಬಿಡುತ್ತೀರೆಂಬ ಭಯ ಅವರಿಗೆ. ಆದರೆ ಸಿವಿ ಕಳಿಸುವ ಮುನ್ನ ಹೇಳಲೇಬೇಕು. ಒಪ್ಪಿಗೆಯನ್ನು ಮೇಲ್‌ನಲ್ಲಿ ಕೊಡಿ, ಮೂರು ಸಾಲು ಸಾಕು: ‘ಇಂಥ ಕಂಪನಿಯ ಇಂಥ ಜಾಬ್ ಐಡಿಗೆ ಮಾತ್ರ ನನ್ನ ಸಿವಿ ಕಳಿಸಲು ಒಪ್ಪಿದ್ದೇನೆ. ಕಳೆದ 6 ತಿಂಗಳಲ್ಲಿ ಈ ಕಂಪನಿಗೆ ಬೇರೆ ಯಾರ ಮೂಲಕವೂ ಅರ್ಜಿ ಹಾಕಿಲ್ಲ. ಬೇರೆ ಹುದ್ದೆಗೆ ಕಳಿಸುವುದಾದರೆ ಮೊದಲು ನನ್ನನ್ನು ಕೇಳಿ.’ ಆ ಮೇಲ್‌ನ ದಿನಾಂಕ ಮುಂದೆ ತಕರಾರು ಬಂದರೆ ನಿಮ್ಮನ್ನು ಕಾಪಾಡುತ್ತದೆ. ಯಾರಿಗೆ, ಯಾವ ಕಂಪನಿಗೆ, ಯಾವತ್ತು ಎಂದು ನಿಮ್ಮ ಬಳಿಯೂ ಒಂದು ಹಾಳೆ ಇರಲಿ. ಆ ಕಂಪನಿಯಲ್ಲೇ ಕೆಲಸ ಮಾಡುವ ಗೆಳೆಯರಿದ್ದರೆ ಕನ್ಸಲ್ಟೆನ್ಸಿಗೆ ಹೂಂ ಎನ್ನುವ ಮೊದಲು ಅವರನ್ನು ಕೇಳಿ. ಒಳಗಿನವರ ರೆಫರಲ್‌ಗೆ ತೂಕ ಹೆಚ್ಚು, ಆದರೆ ಸಿವಿ ಒಮ್ಮೆ ಹೋದ ಮೇಲೆ ಆ ದಾರಿ ಮುಚ್ಚುತ್ತದೆ. ಈ ಹಂತದಲ್ಲಿ ಆಧಾರ್ ಪ್ರತಿ ಯಾರಿಗೂ ಬೇಕಾಗಿಲ್ಲ. ನಕಲು ತಡೆಯಲು ಕೆಲವು ಕಂಪನಿಗಳು ಪ್ಯಾನ್ ಕೇಳುತ್ತವೆ, ಸಂಖ್ಯೆ ಕೊಟ್ಟರೆ ಸಾಕು, ಕಾರ್ಡಿನ ಫೋಟೊ ಬೇಡ.

ಸಂಬಳದ ಮಾತಿಗೆ ಬರೋಣ. ‘ಎಷ್ಟು ನಿರೀಕ್ಷೆ?’ ಎಂದಾಗ ಮೊದಲು ಬಜೆಟ್ ಕೇಳಿ. ಹೇಳಲಿಲ್ಲವೆಂದರೆ ಅಂಕಿ ಕೊಡಿ, ‘ಕಂಪನಿ ನಿಯಮದಂತೆ’ ಎನ್ನಬೇಡಿ. ಹಾಗೆಂದರೆ ಈಗಿನ ಸಂಬಳದ ಮೇಲೆ ಒಂದು ಶೇಕಡಾವಾರು ಕೂಡಿಸಿ ಮುಗಿಸುತ್ತಾರೆ. ಈಗಾಗಲೇ ಕಡಿಮೆ ಸಂಬಳದಲ್ಲಿರುವವರಿಗೆ ಅದರಿಂದ ಅನ್ಯಾಯವಾಗುತ್ತದೆ. 11ರಿಂದ 13 ಎಂದರೆ ಕೇಳುವವರ ಕಿವಿಗೆ ಬೀಳುವುದು 11. ಒಪ್ಪಲಾಗದ ಅಂಕಿಯನ್ನು ಕೆಳತುದಿಯಾಗಿ ಹೇಳಬೇಡಿ. ಈಗಿನ ಸಂಬಳ ಹೇಳುವಾಗ ಫಿಕ್ಸೆಡ್ (ಖಚಿತವಾಗಿ ಬರುವುದು) ಎಷ್ಟು, ವೇರಿಯಬಲ್ (ಸಾಧನೆ ನೋಡಿ ಕೊಡುವುದು) ಎಷ್ಟು ಎಂದು ಬಿಡಿಸಿ ಹೇಳಿ. ಕೂಡಿಸಿ ಉಬ್ಬಿಸಿದರೆ ಮೂರು ತಿಂಗಳ ಪೇಸ್ಲಿಪ್ ಮತ್ತು ಫಾರ್ಮ್ 16 (ಸಂಬಳ, ತೆರಿಗೆಯ ಬಗ್ಗೆ ಕಂಪನಿ ಕೊಡುವ ಪ್ರಮಾಣಪತ್ರ) ಕೇಳಿದ ದಿನ ಸಿಕ್ಕಿಬೀಳುತ್ತೀರಿ.

ಆಫರ್ ಬಂದಾಗ 12 ಲಕ್ಷವನ್ನು 12ರಿಂದ ಭಾಗಿಸಿ ಕೈಗೆ 1 ಲಕ್ಷ ಎಂದು ಲೆಕ್ಕ ಹಾಕುವವರು ಇವತ್ತಿಗೂ ಇದ್ದಾರೆ. ಒಂದು ಸಾಮಾನ್ಯ ವಿಂಗಡಣೆ ನೋಡಿ. 12 ಲಕ್ಷದಲ್ಲಿ ವೇರಿಯಬಲ್ ₹1,20,000. ಬೇಸಿಕ್ ₹6,00,000 ಎಂದಿಟ್ಟುಕೊಂಡರೆ ಕಂಪನಿಯ ಪಾಲಿನ ಪಿಎಫ್ ಶೇ 12ರಂತೆ ₹72,000. ಗ್ರಾಚ್ಯುಟಿ ಬೇಸಿಕ್‌ನ ಶೇ 4.81ರಂತೆ ₹28,860. ವಿಮೆಯ ಪ್ರೀಮಿಯಂ ₹12,000 ಎನ್ನೋಣ. ಇವೆಲ್ಲ ಹೋದರೆ ವರ್ಷಕ್ಕೆ ₹9,67,140, ತಿಂಗಳಿಗೆ ₹80,595. ಅದರಲ್ಲಿ ನಿಮ್ಮ ಪಾಲಿನ ಪಿಎಫ್ ₹6,000, ವೃತ್ತಿ ತೆರಿಗೆ ₹200 ಕಳೆದರೆ ಕೈಗೆ ₹74,395. ಇನ್ನೊಂದು ಕಂಪನಿ ವೇರಿಯಬಲ್ ಇಲ್ಲದೆ 11.5 ಲಕ್ಷ ಕೊಟ್ಟರೆ ತಿಂಗಳ ಕೈಸಂಬಳ ಇದಕ್ಕಿಂತ ಹೆಚ್ಚೇ ಬರುತ್ತದೆ. ಹಾಗಾಗಿ ಒಪ್ಪುವ ಮುನ್ನ ವಿಂಗಡಣೆಯ ಹಾಳೆ ಕೇಳಿ. ಹಿಂದಿನ ವರ್ಷ ವೇರಿಯಬಲ್ ಶೇಕಡ ಎಷ್ಟು ಕೊಟ್ಟರು ಎಂದೂ ಕೇಳಿ. ಜಾಯಿನಿಂಗ್ ಬೋನಸ್ ಇದ್ದರೆ ಎಷ್ಟು ತಿಂಗಳೊಳಗೆ ಬಿಟ್ಟರೆ ವಾಪಸ್ ಕೊಡಬೇಕೆಂದು ನೋಡಿ.

ಇಂಟರ್‌ವ್ಯೂ ಆದ ಮೇಲಿನ ಮೌನ ಎಲ್ಲರನ್ನೂ ಕಂಗೆಡಿಸುತ್ತದೆ. ಆ ಮೌನಕ್ಕೆ ಒಂದೇ ಅರ್ಥವಿಲ್ಲ. ಹುದ್ದೆ ತಡೆಹಿಡಿದಿರಬಹುದು, ಒಳಗಿನವರೊಬ್ಬರನ್ನು ಆ ಜಾಗಕ್ಕೆ ಹಾಕಿರಬಹುದು, ಇಂಟರ್‌ವ್ಯೂ ಮಾಡಿದವರು ಫೀಡ್‌ಬ್ಯಾಕ್ ಬರೆಯದೆ ರಜೆ ಹೋಗಿರಬಹುದು. ಇನ್ನೊಂದು ಕಾರಣವೂ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಆಫರ್ ಇನ್ನೊಬ್ಬರಿಗೆ ಹೋಗಿದೆ, ಅವರು ಸೇರುವವರೆಗೆ ನಿಮ್ಮನ್ನು ಎರಡನೆಯವರಾಗಿ ಇಟ್ಟುಕೊಂಡಿದ್ದಾರೆ. ಅವರ ನೋಟಿಸ್ 90 ದಿನವಾದರೆ ನಿಮ್ಮ ಕಾಯುವಿಕೆಯೂ ಅಷ್ಟೇ. ಸಿವಿ ಹೋದ ಮೂರು ಕೆಲಸದ ದಿನಕ್ಕೆ ಒಂದು ಮೆಸೇಜ್, ಇಂಟರ್‌ವ್ಯೂ ಆದ ಎರಡು ದಿನಕ್ಕೆ ಒಂದು, ಆಮೇಲೆ ವಾರಕ್ಕೊಂದು. ‘ಏನಾಯ್ತು?’ ಎಂದಷ್ಟೇ ಕೇಳಬೇಡಿ. ಹೆಸರು, ಹುದ್ದೆ, ಇಂಟರ್‌ವ್ಯೂ ದಿನಾಂಕ ಬರೆದು ‘ಇನ್ನೂ ಪರಿಗಣನೆಯಲ್ಲಿದೆಯೇ, ಮುಗಿಯಿತೇ?’ ಎಂದು ಕೇಳಿ. ದಿನಕ್ಕೆ ಮೂವತ್ತು ನಲವತ್ತು ಜನರೊಡನೆ ಮಾತಾಡುವವರಿಗೆ ಅಷ್ಟು ವಿವರ ಬೇಕು. ಮೂರು ವಾರ ಉತ್ತರವಿಲ್ಲದಿದ್ದರೆ ಮುಗಿಯಿತೆಂದುಕೊಂಡು ಮುಂದೆ ಹೋಗಿ. ಉತ್ತರ ಕೊಡದಿರುವುದು ನಮ್ಮ ವೃತ್ತಿಯಲ್ಲಿರುವ ದೊಡ್ಡ ಕೆಟ್ಟ ಅಭ್ಯಾಸ. ಎರಡು ಸಾಲಿನ ನಿರಾಕರಣೆ ಬರೆಯಲು ಅರ್ಧ ನಿಮಿಷ ಸಾಕು. ಈ ಪತ್ರ ಓದುತ್ತಿರುವ ನಮ್ಮ ವೃತ್ತಿಯವರಿಗೆ ನಮ್ಮ ಬೇಡಿಕೆ ಅದೊಂದೇ.

90 ದಿನದ ನೋಟಿಸ್‌ನಲ್ಲಿ ಮೂರು ನಾಲ್ಕು ಆಫರ್ ಹಿಡಿದಿಟ್ಟುಕೊಂಡು, ಸೇರುವ ದಿನ ಬೆಳಿಗ್ಗೆ ಫೋನ್ ಸ್ವಿಚ್ ಆಫ್ ಮಾಡುವವರಿದ್ದಾರೆ. ಹೆಚ್ಚಿನ ಸಂಬಳ ಸಿಕ್ಕಾಗ ಆರಿಸಿಕೊಳ್ಳುವುದು ನಿಮ್ಮ ಹಕ್ಕು, ಅದನ್ನು ತಪ್ಪೆನ್ನುವುದಿಲ್ಲ. ಆದರೆ ಸೇರುವ ದಿನಕ್ಕೆ ಎರಡು ವಾರ ಮುಂಚೆ ಮೇಲ್‌ನಲ್ಲಿ ಇಲ್ಲ ಎಂದುಬಿಡಿ. ನಿಮ್ಮ ಹಿಂದೆ ಕಾಯುತ್ತಿರುವ ಆ ಎರಡನೆಯವರಿಗೆ ಕೆಲಸ ಸಿಗುತ್ತದೆ. ಹೇಳದೆ ಬಿಟ್ಟವರ ಹೆಸರಿನ ಮುಂದೆ ಎಟಿಎಸ್‌ನಲ್ಲಿ ಬೀಳುವ ಟಿಪ್ಪಣಿ ಬಹಳ ವರ್ಷ ಉಳಿಯುತ್ತದೆ. ಬೇರೆ ಆಫರ್ ಇದ್ದರೆ ಮೊದಲೇ ಹೇಳುವುದು ನಿಮಗೇ ಅನುಕೂಲ, ಪ್ರಕ್ರಿಯೆ ಬೇಗ ಸಾಗುತ್ತದೆ. ಇಲ್ಲದ ಆಫರ್ ಇದೆ ಎನ್ನಬೇಡಿ, ಪತ್ರ ತೋರಿಸಿ ಎನ್ನುತ್ತಾರೆ.

ಹಿನ್ನೆಲೆ ಪರಿಶೀಲನೆಯಲ್ಲಿ ಆಫರ್ ರದ್ದಾಗುವುದು ಎಲ್ಲಕ್ಕಿಂತ ನೋವಿನದು, ಏಕೆಂದರೆ ಆಗ ಹಳೆಯ ಕೆಲಸವೂ ಬಿಟ್ಟಾಗಿರುತ್ತದೆ. ಪರಿಶೀಲಿಸುವವರು ಇಪಿಎಫ್‌ಒ (ಭವಿಷ್ಯನಿಧಿ ಸಂಸ್ಥೆ) ದಾಖಲೆಯಲ್ಲಿ ನಿಮ್ಮ ಸೇರಿದ, ಬಿಟ್ಟ ದಿನಾಂಕ ನೋಡುತ್ತಾರೆ. ಅರ್ಜಿ ಹಾಕುವ ಮೊದಲೇ ಯುಎಎನ್ (ನಿಮ್ಮ ಪಿಎಫ್‌ನ ಕಾಯಂ ಸಂಖ್ಯೆ) ಲಾಗಿನ್‌ನಲ್ಲಿ ಸರ್ವಿಸ್ ಹಿಸ್ಟರಿ ತೆರೆದು ನಿಮ್ಮ ಸಿವಿಯ ತಿಂಗಳುಗಳೊಂದಿಗೆ ಹೋಲಿಸಿ. ಹಳೆಯ ಕಂಪನಿ ಬಿಟ್ಟ ದಿನಾಂಕ ಹಾಕದಿದ್ದರೆ ಎರಡು ಕಡೆ ಏಕಕಾಲಕ್ಕೆ ಕೆಲಸ ಮಾಡಿದಂತೆ ಕಾಣುತ್ತದೆ. ಕೊನೆಯ ಪಿಎಫ್ ಕಂತು ಜಮೆಯಾಗಿ ಎರಡು ತಿಂಗಳಾದ ಮೇಲೆ ಅದನ್ನು ನೀವೇ ಪೋರ್ಟಲ್‌ನಲ್ಲಿ ತುಂಬಬಹುದು. ಮನೆಯಲ್ಲಿ ಕಾಯಿಲೆ, ಹೆರಿಗೆ, ಪರೀಕ್ಷೆಯ ತಯಾರಿ ಎಂದು ಆರು ತಿಂಗಳು ಖಾಲಿ ಇದ್ದರೆ ಖಾಲಿ ಎಂದೇ ಬರೆಯಿರಿ. ಖಾಲಿ ಕಾಲಕ್ಕೆ ವಿವರಣೆ ಕೊಡಬಹುದು, ಸುಳ್ಳು ಅನುಭವ ಪತ್ರಕ್ಕೆ ಕೊಡಲಾಗದು. ಅಂಥ ಪತ್ರ ಮಾರುವವರು ‘ಪಿಎಫ್ ಸಮೇತ ಮಾಡಿಕೊಡುತ್ತೇವೆ’ ಎನ್ನುತ್ತಾರೆ. ಫಾರ್ಮ್ 26ಎಎಸ್‌ನಲ್ಲಿ (ನಿಮ್ಮ ಹೆಸರಿನಲ್ಲಿ ಕಟ್ಟಿದ ತೆರಿಗೆಯ ಪಟ್ಟಿ) ತೆರಿಗೆ ಇಲ್ಲ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಸಂಬಳ ಇಲ್ಲ ಎಂದಾಗ ಉತ್ತರ ಹೇಳಬೇಕಾದವರು ನೀವು, ಅವರಲ್ಲ.

ಇನ್ನು ದುಡ್ಡು ಕೇಳುವವರ ಬಗ್ಗೆ. ನಮಗೆ ದುಡ್ಡು ಬರುವುದು ಕಂಪನಿಯಿಂದ ಎಂದು ಮೊದಲೇ ಹೇಳಿದ್ದೇವೆ. ಆದ್ದರಿಂದ ನೋಂದಣಿ ಶುಲ್ಕ, ತರಬೇತಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, ಆಫರ್ ಲೆಟರ್ ಬಿಡುಗಡೆಗೆ ಇಷ್ಟು ಎಂದು ನಿಮ್ಮನ್ನು ಯಾರೇ ಕೇಳಲಿ, ಮಾತು ಅಲ್ಲಿಗೇ ನಿಲ್ಲಿಸಿ. ಖಾಸಗಿ ಏಜೆನ್ಸಿಗಳು ಕೆಲಸಗಾರರಿಂದ ಶುಲ್ಕ ಪಡೆಯಬಾರದೆಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೇ ಒಡಂಬಡಿಕೆಯ ತತ್ವವೂ ಹೌದು. ಇಂಟರ್‌ವ್ಯೂ ಪೂರ್ತಿ ಟೆಲಿಗ್ರಾಂನಲ್ಲಿ, ಮೇಲ್ ಐಡಿ ಜಿಮೇಲ್‌ನದು, ಆಫರ್ ಅದೇ ದಿನ: ಈ ಮೂರೂ ಒಟ್ಟಿಗಿದ್ದರೆ ಅದು ಮೋಸವೇ. ಕಂಪನಿಯ ವೆಬ್‌ಸೈಟಿನ ಕರಿಯರ್ಸ್ ಪುಟದಲ್ಲಿ ಆ ಜಾಬ್ ಐಡಿ ಇದೆಯೇ ನೋಡಿ, ಅಲ್ಲಿರುವ ವಿಳಾಸಕ್ಕೇ ಬರೆದು ಕೇಳಿ.

ಕರಾವಳಿಯಿಂದ ಗಲ್ಫ್ ಕಡೆ ಹೋಗುವವರಿಗೆ ನಿಯಮ ಬೇರೆ. 1983ರ ವಲಸೆ ಕಾಯ್ದೆಯಡಿ ನೋಂದಾಯಿತ ಏಜೆಂಟರು ಸೇವಾಶುಲ್ಕ ಪಡೆಯಬಹುದು, ಆದರೆ ₹30,000 ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚಿಲ್ಲ. ಏಜೆಂಟರ ನೋಂದಣಿ ಸಂಖ್ಯೆಯನ್ನು ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಿಸಿಕೊಡುತ್ತೇವೆ ಎಂದರೆ ವಿಮಾನ ಹತ್ತಬೇಡಿ.

ದುಡ್ಡು ಈಗಾಗಲೇ ಕೊಟ್ಟಾಗಿದ್ದರೆ ನಾಚಿಕೊಂಡು ಸುಮ್ಮನಿರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ವ್ಯವಹಾರದ ಯುಟಿಆರ್ ಸಂಖ್ಯೆ (ಹಣ ಕಳಿಸಿದ್ದರ ಗುರುತು ಸಂಖ್ಯೆ), ದಿನಾಂಕ, ಸಮಯ, ಅವರ ಫೋನ್ ನಂಬರ್, ಚಾಟ್‌ನ ಸ್ಕ್ರೀನ್‌ಶಾಟ್ ಕೈಯಲ್ಲಿರಲಿ. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಿ. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಆ ಖಾತೆಯಿಂದ ದುಡ್ಡು ಮುಂದೆ ಹೋಗದಂತೆ ಬ್ಯಾಂಕು ತಡೆಹಿಡಿಯುವ ಅವಕಾಶ ಇರುತ್ತದೆ.

ಇಂತಿ,
ನೇಮಕಾತಿ ಕೆಲಸದಲ್ಲಿರುವ ಕೆಲವು ಕನ್ನಡಿಗರು
ಬೆಂಗಳೂರು